ಐದು ಗಂಟೆಯ ಅಂಕಣ

ಯಗ್ವಾರೋನ್ ಊರಿನಲ್ಲಿ ಮಧ್ಯಾಹ್ನ ಊಟವಾದ ಮೇಲೆ ನಾಯಿ ಕೂಡ ಬೊಗಳುವುದಿಲ್ಲ. ಅಂಗಡಿಯವರು ಬಾಗಿಲು ಎಳೆದುಕೊಂಡು, ಪಾದ್ರಿಗಳು ಕಿಟಕಿಗೆ ಪರದೆ ಬಿಟ್ಟುಕೊಂಡು, ಎಲ್ಲರೂ ಮೂರು ಗಂಟೆಯವರೆಗೆ ನಿದ್ದೆಗೆ ಬಿದ್ದಿರುತ್ತಾರೆ. ಆ ಹೊತ್ತಿನಲ್ಲಿ ಯಾರ ಮನೆಯ ಬಾಗಿಲು ತಟ್ಟಿದರೂ ಅದು ಜಗಳಕ್ಕೆ ಕರೆದಂತೆಯೇ. ಇಂಥ ಊರಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಎರಡಕ್ಕೆ, ನೆತ್ತಿ ಸುಡುವ ಬಿಸಿಲಲ್ಲಿ, ಹತ್ತು ಜನ ಹೆಂಗಸರು ಕೈಯಲ್ಲಿ ಬೂಟು ಹಿಡಿದುಕೊಂಡು ಸದ್ದಿಲ್ಲದೆ ಬೀದಿ ದಾಟುತ್ತಿದ್ದರು. ಮುಂದೆ ಲಿಬ್ರಾದಾ ಒರ್ತೆಯಾದೊ, ಅವಳ ಹಿಂದೆ ಬಾಸಿಲಿಯಾ, ಅವರ ಹಿಂದೆ ಉಳಿದವರು.

ಅವರು ಹೋಗುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಅಂಕಣಕ್ಕೆ. ಪ್ಲಾಸ್ಟಿಕ್ ಹುಲ್ಲು ಹಾಸಿದ, ಸುತ್ತ ಬಲೆ ಕಟ್ಟಿದ, ಒಂದು ಕಡೆಗೆ ಐದೈದು ಜನ ಆಡುವಷ್ಟು ಪುಟ್ಟ ಫುಟ್‌ಬಾಲ್ ಅಂಕಣ ಅದು. ಅದರ ಯಜಮಾನ ಹೆಂಗಸರಿಗೆ ಬಾಡಿಗೆ ಕೊಡುವುದಿಲ್ಲ ಎಂದು ಯಾವತ್ತೂ ಹೇಳಿದವನಲ್ಲ. "ಐದು ಗಂಟೆಯಿಂದ ಮುಂದೆ ಎಲ್ಲ ಗಂಡಸ್ರು ಹಿಡ್ಕೊಂಡಿದ್ದಾರೆ ತಾಯಿ. ಎರಡು ಗಂಟೆಗೆ ಬೇಕಾದ್ರೆ ಬನ್ನಿ, ಇಡೀ ಅಂಕಣ ನಿಮ್ದೇ," ಎನ್ನುತ್ತಿದ್ದ. ಇಡೀ ಊರು ನಿದ್ದೆ ಮಾಡುವ ಹೊತ್ತನ್ನು ಅವನು ದಾನ ಕೊಟ್ಟವನಂತೆ ಕೊಡುತ್ತಿದ್ದ. ಮೂರು ಹೊಡೆಯುತ್ತಲೇ ಎದ್ದು ಬಂದು ಸೀಟಿ ಊದಿ ಹೊರಗೆ ಹಾಕುತ್ತಿದ್ದ. ಹೊರಗೆ ಯಾರೂ ಕಾಯುತ್ತಿರಲಿಲ್ಲ, ಆದರೂ ಊದುತ್ತಿದ್ದ.

ಪ್ಲಾಸ್ಟಿಕ್ ಹುಲ್ಲಿಗೆ ನೆಲದ ಹುಲ್ಲಿನ ಹಾಗೆ ತಂಪು ಗೊತ್ತಿಲ್ಲ. ಫೆಬ್ರವರಿಯ ಒಂದು ಶನಿವಾರ ಅದು ರೊಟ್ಟಿ ಬೇಯಿಸುವ ಹಂಚಿನಂತೆ ಕಾದಿತ್ತು. ಲಿಬ್ರಾದಾ ಚೆಂಡಿನ ಹಿಂದೆ ಓಡುತ್ತಿದ್ದಾಗ ಬಲಗಾಲಿನ ಬೂಟಿನ ಅಂಟು ಕರಗಿ ಅಟ್ಟೆ ಪೂರ್ತಿ ಕಳಚಿತು. ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು, ಅಟ್ಟೆ ಅಲ್ಲೇ ಹಿಂದೆ ಮಲಗಿತ್ತು.

ಗೋಲಿನಲ್ಲಿ ನಿಂತಿದ್ದ ಬಾಸಿಲಿಯಾ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಸಂತೆಯಲ್ಲಿ ಮಾಂಸದ ಅಂಗಡಿ ಇಟ್ಟವಳು ಅವಳು. "ಚೆನ್ನಾಗಿ ಬೆಂದಿದೆ ಕಣೇ. ಒಂಚೂರು ಉಪ್ಪು, ನಿಂಬೆಹಣ್ಣು ಹಾಕಿದ್ರೆ ಕಾಲು ಕಿಲೋ ಅಂತ ಮಾರ್ಬಹುದು," ಎಂದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಲಿಬ್ರಾದಾ ಕೂಡ ನಕ್ಕಳು. ಆದರೆ ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಬರೀ ಕಾಲುಚೀಲ ಹಾಕಿಕೊಂಡು ಮನೆಗೆ ಕುಂಟುವಾಗ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ನನಗೂ ಐದು ಗಂಟೆ ಬೇಕು.

ಅವಳಿಗೆ ಆಗ ಐವತ್ನಾಲ್ಕು. ಊರಿನವರು ಹಿರಿಯ ಹೆಂಗಸರಿಗೆ ಮರ್ಯಾದೆ ಕೊಟ್ಟು ಕರೆಯುವಂತೆ 'ನ್ಯಾ ಲಿಬ್ರಾದಾ' ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಸುತ್ತಲಿನ ಊರುಗಳ ಫುಟ್‌ಬಾಲ್ ತಂಡಗಳಿಗೆ ಅಂಗಿ, ಚಡ್ಡಿ ಹೊಲಿಯುತ್ತಿದ್ದಳು. ಯಾವ ಊರಿನ ಗೋಲ್‌ಕೀಪರ್ ಎಷ್ಟು ದಪ್ಪವಾದ, ಯಾವ ತಂಡದ ಒಂಬತ್ತನೆಯವನು ಜಗಳವಾಡಿ ಬೇರೆ ಊರಿಗೆ ಹೋದ ಎಂಬುದೆಲ್ಲ ಅವಳಿಗೆ ಅಳತೆ ಟೇಪಿನಿಂದಲೇ ತಿಳಿಯುತ್ತಿತ್ತು. ಮೂವತ್ತು ವರ್ಷ ಬೇರೆಯವರ ಬೆನ್ನಿಗೆ ಸಂಖ್ಯೆ ಹೊಲಿದಳು. ಅವಳ ಬೆನ್ನಿಗೆ ಸಂಖ್ಯೆ ಬಂದದ್ದು ಐವತ್ತರಲ್ಲಿ, ಬಾಸಿಲಿಯಾ ಕೀಟಲೆಗೆಂದು "ನಾವೂ ಒಂದು ತಂಡ ಕಟ್ಟೋಣ್ವೇನೇ?" ಎಂದು ಕೇಳಿದ ಮೇಲೆ. ಲಿಬ್ರಾದಾ ಮಾರನೆಯ ದಿನವೇ ಹತ್ತು ಅಂಗಿ ಕತ್ತರಿಸಿದಳು. ಕೀಟಲೆ ಎಂದು ಹೇಳಿ ಹಿಂದೆ ಸರಿಯಲು ಬಾಸಿಲಿಯಾಗೆ ಬಿಡುವೇ ಸಿಗಲಿಲ್ಲ.

ಗಂಡ ವಿಲ್ಫ್ರಿದೊ ಊರಿನಿಂದ ರಾಜಧಾನಿಗೆ ಹೋಗುವ ಬಸ್ಸಿನ ಚಾಲಕ. ಒಳ್ಳೆಯವನು, ಮಾತು ಜಾಸ್ತಿ, ನಿದ್ದೆ ಅದಕ್ಕಿಂತ ಜಾಸ್ತಿ. ಅಂದು ಸಂಜೆ ಹಿತ್ತಲಿನ ಮಾವಿನ ಮರಕ್ಕೂ ಒಂದು ಕಂಬಕ್ಕೂ ಕಟ್ಟಿದ ಜೋಲಿಯಲ್ಲಿ ಅವನು ತೂಗುತ್ತಿದ್ದಾಗ ಲಿಬ್ರಾದಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಳು. ಒಣಸೊಪ್ಪು ತುಂಬಿದ ಕೊಂಬಿನ ಬಟ್ಟಲಿಗೆ ತಣ್ಣೀರು ಹುಯ್ದು ತೆರೆರೆ ಎಂಬ ತಂಪು ಕಷಾಯ ಕೊಟ್ಟಳು. ಅವನು ಕೊಳವೆಗೆ ಬಾಯಿಟ್ಟು ಹೀರುತ್ತಿರುವಾಗಲೇ ಹೇಳಿದಳು.

"ಹಿತ್ತಲಲ್ಲಿ ಅಂಕಣ ಮಾಡಿಸ್ತೀನಿ."

"ಯಾವ ಅಂಕಣ?"

"ಫುಟ್‌ಬಾಲ್ ಅಂಕಣ. ಪ್ಲಾಸ್ಟಿಕ್ ಹುಲ್ಲಿಂದು. ನಮ್ ಹಿತ್ತಲು ಉದ್ದ ಇದೆ, ಗೋಡೆ ಇದೆ, ಸಂಜೆಗೆ ಮಾವಿನ ಮರದ ನೆರಳು ಬೀಳುತ್ತೆ. ಐದು ಗಂಟೆಗೆ ಆಡ್ಬಹುದು."

ವಿಲ್ಫ್ರಿದೊ ಹೀರುವುದನ್ನು ನಿಲ್ಲಿಸಿದ. "ಲಿಬ್ರಾದಾ, ಜನ ಹಿತ್ತಲಲ್ಲಿ ಕೋಳಿ ಸಾಕ್ತಾರೆ. ಮರಗೆಣಸು ಹಾಕ್ತಾರೆ. ಪ್ಲಾಸ್ಟಿಕ್ ಹುಲ್ಲು ಹಾಕಿದೋರ್ನ ನಾನು ಕಂಡಿಲ್ಲ. ಪಕ್ಕದ ಮನೆ ಹಸು ನುಗ್ಗಿ ತಿಂದ್ರೆ?"

"ತಿಂದ್ರೆ ಪ್ಲಾಸ್ಟಿಕ್ ಬಕೆಟಲ್ಲೇ ಹಾಲು ಕೊಡುತ್ತೆ, ಬಿಡು."

"ಮತ್ತೆ ನನ್ನ ಜೋಲಿ?"

"ಜೋಲಿ ಇರುತ್ತೆ. ಗೋಲಿನ ಹಿಂದೆ."

ಅವನು ಯೋಚಿಸಿದ. ಅವನಿಗೆ ಕೇಳಬೇಕಾದದ್ದೇನೋ ಇನ್ನೂ ಇದೆ ಅನಿಸಿತು, ಆದರೆ ಅದು ಏನೆಂದು ಹೊಳೆಯಲಿಲ್ಲ. "ಜೋಲಿ ಇದ್ರೆ ಸರಿ," ಎಂದು ಬಟ್ಟಲನ್ನು ವಾಪಸು ಕೊಟ್ಟ.

ಆ ಹಿತ್ತಲು ಬರೀ ಹಿತ್ತಲಾಗಿರಲಿಲ್ಲ. ಮನೆ ಬೀದಿಯ ಮೂಲೆಯಲ್ಲಿತ್ತು. ಹಿತ್ತಲಿಗೆ ಎದೆಯೆತ್ತರದ ಗೋಡೆ, ಅಡ್ಡಬೀದಿಗೆ ತೆರೆಯುವ ಒಂದು ಬಾಗಿಲು. ವಿಲ್ಫ್ರಿದೊನ ಅಜ್ಜಿಯ ಕಾಲದಿಂದ ಅಲ್ಲಿ ಸಾನ್ ಹುವಾನ್ ಸಂತನ ಹಬ್ಬ ನಡೆಯುತ್ತಿತ್ತು. ಆ ನಾಡಿಗೆ ಚಳಿಗಾಲವಾದ ಜೂನ್ ತಿಂಗಳಲ್ಲಿ ಬೀದಿಯ ಜನರೆಲ್ಲ ಸೇರಿ, ಮರಗೆಣಸಿನ ಹಿಟ್ಟಿನ ರೊಟ್ಟಿ ತಿಂದು, ಮಡಕೆ ಒಡೆದು, ಕೊನೆಗೆ ಬೆಂಕಿ ಚೆಂಡು ಆಡುತ್ತಿದ್ದರು. ಹತ್ತಿಬಟ್ಟೆಯ ಚಿಂದಿಯನ್ನು ಬಿಗಿಯಾಗಿ ಸುತ್ತಿ, ತಂತಿ ಕಟ್ಟಿ, ಸೀಮೆಎಣ್ಣೆಯಲ್ಲಿ ನೆನೆಹಾಕಿದ ಚೆಂಡು ಅದು. ಅದಕ್ಕೆ ಬೆಂಕಿ ಹಚ್ಚಿ ಒದೆಯುವುದು, ತನ್ನ ಕಾಲಿಗೆ ಬಂದರೆ ಕಿರುಚಿಕೊಂಡು ಬೇರೆಯವರ ಕಡೆಗೆ ಒದೆಯುವುದು. ಯಾರು ಒದ್ದದ್ದು ಮಾವಿನ ಮರದ ಬುಡಕ್ಕೆ ಬಡಿಯುತ್ತದೋ ಅವರಿಗೆ ವರ್ಷವಿಡೀ ಒಳ್ಳೆಯದಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳಂತೆ.

ಲಿಬ್ರಾದಾ ಈ ಊರಿಗೆ ಬಂದದ್ದು ಹದಿನೆಂಟರ ಹುಡುಗಿಯಾಗಿ, ವಿಲ್ಫ್ರಿದೊನ ಸೋದರತ್ತೆಯ ಹತ್ತಿರ ಹೊಲಿಗೆ ಕಲಿಯಲು. ಅವಳ ಹಳ್ಳಿಯಲ್ಲಿ ಅಪ್ಪ, ಅಣ್ಣಂದಿರು ಚೆಂಡು ಮುಟ್ಟಲು ಬಿಟ್ಟಿರಲಿಲ್ಲ. ಮೊದಲ ಸಾನ್ ಹುವಾನ್ ದಿನ ಆ ಬೆಂಕಿ ಚೆಂಡು ಉರುಳುತ್ತ ಅವಳ ಕಾಲಬುಡಕ್ಕೆ ಬಂದಾಗ ಅವಳು ಕಿರುಚಲಿಲ್ಲ, ಲಂಗ ಎತ್ತಿ ಹಿಡಿದು ಒದ್ದಳು. ಚೆಂಡು ನೇರ ಹೋಗಿ ಮಾವಿನ ಮರಕ್ಕೆ ಬಡಿದು ಕಿಡಿ ಹಾರಿಸಿತು. ಹೆಣ್ಣು ಚೆಂಡು ಒದೆಯಬಾರದು ಎಂದು ಆ ದಿನ ಯಾರೂ ಹೇಳಲಿಲ್ಲ. ಹಬ್ಬದ ದಿನ ಯಾರು ಹೇಳುತ್ತಾರೆ? ಮರಕ್ಕೆ ಒರಗಿ ನಿಂತಿದ್ದ ವಿಲ್ಫ್ರಿದೊ ಮಾತ್ರ ಸುಟ್ಟ ಪ್ಯಾಂಟನ್ನು ಉಜ್ಜಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದ. ಮದುವೆಯಾದ ಮೇಲೆ ಚೆಂಡು ಕಟ್ಟುವ ಕೆಲಸ ಲಿಬ್ರಾದಾಳದ್ದೇ ಆಯಿತು. ಹೊಲಿಗೆಯಲ್ಲಿ ಉಳಿದ ಹತ್ತಿಬಟ್ಟೆಯ ತುಂಡುಗಳನ್ನು ಅವಳು ವರ್ಷವಿಡೀ ಒಂದು ಚೀಲದಲ್ಲಿ ಎತ್ತಿಡುತ್ತಿದ್ದಳು. ವರ್ಷಕ್ಕೆ ಒಂದೇ ದಿನ, ಒಂದೆರಡು ಒದೆತ. ಐವತ್ತು ವರ್ಷ ತುಂಬುವವರೆಗೆ ಅವಳ ಆಟ ಅಷ್ಟೇ ಆಗಿತ್ತು.

ಅಂಕಣದ ಮಾತೆತ್ತಿದ ಆ ವರ್ಷ ಜಿಲ್ಲೆಯ ಇಡೀ ಪಂದ್ಯಾವಳಿಗೆ ಅಂಗಿ ಹೊಲಿಯುವ ಕೆಲಸ ಅವಳಿಗೇ ಬಂತು. ಏಪ್ರಿಲ್ ಮುಗಿಯುವವರೆಗೆ ಯಂತ್ರದಿಂದ ಏಳಲಿಲ್ಲ. ಆ ದುಡ್ಡು ಕೈಗೆ ಬಂದ ಮೇಲೆ, ಮೇ ತಿಂಗಳಲ್ಲಿ, ದೆರ್ಲಿಸ್ ಬಂದ.

ದೆರ್ಲಿಸ್ ಇಂಥ ಅಂಕಣಗಳನ್ನು ಹಾಸುವವನು, ಗುಂಗುರು ಕೂದಲಿನ ಮೂವತ್ತೈದರ ಆಳು, ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಲೇ ಇರುತ್ತಿದ್ದ. ಜೊತೆಗೆ ಇಬ್ಬರು ಕೂಲಿಯವರು. ಮೊದಲು ಹಿತ್ತಲಿನ ಕೆಂಪು ಮಣ್ಣನ್ನು ಗೇಣು ಆಳ ತೆಗೆದರು. ಪ್ರತಿ ಬೆಳಿಗ್ಗೆ ಪೊರಕೆಯಲ್ಲಿ ಗುಡಿಸಿ ಗುಡಿಸಿ ನುಣುಪಾಗಿದ್ದ ನೆಲ ಬಂಡಿಗಟ್ಟಲೆ ಹೊರಗೆ ಹೋಗುವುದನ್ನು ನೋಡಿ ಲಿಬ್ರಾದಾ ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿಟ್ಟಳು. ಆಮೇಲೆ ಜಲ್ಲಿ ಬಂತು, ಜಲ್ಲಿಪುಡಿ ಬಂತು, ನೆಲ ಅದುಮುವ ಯಂತ್ರ ಬಂತು. ಅದರ ಧಡಧಡ ಸದ್ದಿಗೆ ಮನೆಯ ತಟ್ಟೆಗಳೆಲ್ಲ ಗೂಡಿನಲ್ಲಿ ಕುಣಿದವು. ಮಧ್ಯಾಹ್ನ ಊಟವಾದ ಮೇಲೆ ದೆರ್ಲಿಸ್ ಯಂತ್ರ ಶುರುಮಾಡಲು ಹೋದ. ಲಿಬ್ರಾದಾ ಓಡಿ ಬಂದು ಕೈ ಹಿಡಿದಳು.

"ಅಯ್ಯೋ ನಿಲ್ಸಪ್ಪ! ಈ ಹೊತ್ತಲ್ಲಿ ಇದನ್ನ ಹಾಕಿದ್ರೆ ಬೀದಿಯವ್ರು ನನ್ನ ಇದೇ ಜಲ್ಲಿ ಕೆಳಗೆ ಹೂತಾಕ್ತಾರೆ."

"ಮಳೆ ಬರೋದ್ರೊಳ್ಗೆ ಮುಗಿಸ್ಬೇಕು ನ್ಯಾ ಲಿಬ್ರಾದಾ."

"ಮಳೆ ಬಂದ್ರೆ ಒಣಗುತ್ತೆ. ಬೀದಿಯವ್ರ ಕೋಪ ಒಣಗಲ್ಲ. ಮಲ್ಕೋ ಹೋಗು."

ಕೂಲಿಯವರು ಜಲ್ಲಿ ರಾಶಿಯ ಪಕ್ಕದಲ್ಲೇ ಟೋಪಿ ಮುಖಕ್ಕೆ ಹಾಕಿಕೊಂಡು ಮಲಗಿದರು.

ಬೀದಿಯವರು ಒಬ್ಬೊಬ್ಬರಾಗಿ ಗೋಡೆಯಾಚೆಯಿಂದ ಇಣುಕಿ ಒಂದೊಂದು ಪ್ರಶ್ನೆ ಹಾಕಿ ಹೋಗುತ್ತಿದ್ದರು. ಮಳೆನೀರು ಎಲ್ಲಿಗೆ ಹೋಗುತ್ತೆ? ಹಾವು ಬಂದ್ರೆ ಹಸಿರಲ್ಲಿ ಕಾಣುತ್ತಾ? ಮಾವಿನಹಣ್ಣು ಬಿದ್ದು ಕರೆ ಆದ್ರೆ? ನಾಯಿ ಕಾಲೆತ್ತಿದ್ರೆ? ದೆರ್ಲಿಸ್ ಎಲ್ಲಕ್ಕೂ ಉತ್ತರ ಕೊಟ್ಟ. ಯಾರೂ ಕೇಳದ ಪ್ರಶ್ನೆ ಒಂದೇ ಉಳಿಯಿತು.

ಹುಲ್ಲಿನ ಸುರುಳಿಗಳು ಬಂದ ದಿನ ಲಿಬ್ರಾದಾ ಹೊಲಿಗೆ ಬಿಟ್ಟು ಹಿತ್ತಲಲ್ಲೇ ನಿಂತಳು. ಸುರುಳಿ ಬಿಚ್ಚಿ, ಎರಡು ಪಟ್ಟಿಗಳ ಅಂಚು ಸೇರಿಸಿ, ಅಡಿಯಲ್ಲಿ ಅಗಲವಾದ ಬಟ್ಟೆಪಟ್ಟಿ ಹಾಸಿ, ಅಂಟು ಬಳಿದು ಕೂರಿಸುವುದು. ಅವಳಿಗೆ ಇದು ತನ್ನದೇ ಕೆಲಸದಂತೆ ಕಂಡಿತು.

"ಅಂಚಿನ ಮೇಲೆ ಅಂಚು ಒಂದು ಬೆರಳು ಹತ್ತಿಸು. ಗಟ್ಟಿ ಬರುತ್ತೆ," ಎಂದಳು.

"ಹತ್ತಿಸಿದ್ರೆ ಉಬ್ಬು ಬರುತ್ತೆ. ನಿಮ್ಮ ಗೋಲ್‌ಕೀಪರ್ ಎಡವಿ ಬೀಳ್ತಾರೆ."

"ಬಾಸಿಲಿಯಾ ಉಬ್ಬು ಇಲ್ದೇನೂ ಬೀಳ್ತಾಳೆ."

"ನ್ಯಾ ಲಿಬ್ರಾದಾ, ನಿಮ್ಮ ಅಂಗೀನ ನಾನು ಹೊಲೀತೀನಾ?"

ಅವಳು ನಕ್ಕಳು. ಎಲ್ಲ ಪಟ್ಟಿಯ ಎಳೆಗಳೂ ಒಂದೇ ಕಡೆಗೆ ವಾಲಿರಬೇಕು, ಇಲ್ಲದಿದ್ದರೆ ಬಿಸಿಲಲ್ಲಿ ಒಂದು ಪಟ್ಟಿ ಕಪ್ಪು, ಒಂದು ಪಟ್ಟಿ ಬಿಳುಪು ಕಾಣುತ್ತದೆ ಎಂದು ಅವನು ಹೇಳಿದಾಗ ಮಾತ್ರ, "ಅದು ನಂಗೊತ್ತು, ಮಖಮಲ್ಲೂ ಹಾಗೇ," ಎಂದು ಒಂದು ಅಂಕ ಗಿಟ್ಟಿಸಿಕೊಂಡಳು.

ಗೆರೆಗಳಿಗೆ ಬಣ್ಣ ಬಳಿಯುವುದಿಲ್ಲ. ಹಸಿರನ್ನು ಪಟ್ಟಿಯಾಗಿ ಕತ್ತರಿಸಿ ತೆಗೆದು ಬಿಳಿಹುಲ್ಲು ಕೂರಿಸುತ್ತಾರೆ. ಸುತ್ತಲಿನ ಗೆರೆ, ನಡುಗೆರೆ, ನಡುವಿನ ವೃತ್ತ ಎಲ್ಲ ಆಯಿತು. ಪೆನಾಲ್ಟಿ ಬಿಂದುವಿನ ಹತ್ತಿರ ಕೆಲಸ ನಿಂತಿತು. ಹಿತ್ತಲು ಪೂರ್ತಿ ಅಳತೆಯ ಅಂಕಣಕ್ಕಿಂತ ಚಿಕ್ಕದಾಗಿದ್ದರಿಂದ ಬಿಂದು ಎಲ್ಲಿ ಎಂಬುದನ್ನು ಮನೆಯವರೇ ಹೇಳಬೇಕು ಎಂದ ದೆರ್ಲಿಸ್. ಅದೇ ತಪ್ಪಾಯಿತು. ಗೋಲು ಹೊಡೆಯುವವಳು ಲಿಬ್ರಾದಾ, ತಡೆಯುವವಳು ಬಾಸಿಲಿಯಾ.

"ಇಲ್ಲಿ," ಎಂದು ಲಿಬ್ರಾದಾ ಗೋಲಿಗೆ ಹತ್ತಿರ ಕಾಲಿಟ್ಟಳು.

"ಅಲ್ಲಿಂದ ಹೊಡಿಯೋದಾದ್ರೆ ಕೈಲೇ ತಂದು ಬಲೆಗೆ ಹಾಕ್ಬಿಡು. ಇಲ್ಲಿ!" ಎಂದು ಬಾಸಿಲಿಯಾ ನಡುಗೆರೆಯ ಹತ್ತಿರ ಹೋಗಿ ನಿಂತಳು.

"ಅಷ್ಟು ದೂರದಿಂದ ಹೊಡಿಯೋಕೆ ಬಸ್ ಹತ್ಕೊಂಡು ಬರ್ಬೇಕು."

"ನಿನ್ನ ಗಂಡನ ಬಸ್ಸೇ ಇದೆಯಲ್ಲ!"

ಸಂಜೆಯವರೆಗೆ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ದೆರ್ಲಿಸ್ ಒಂದು ತುಂಡು ಬಿಳಿಹುಲ್ಲು, ಒಂದು ಡಬ್ಬಿ ಅಂಟು, ಒಂದು ತುಂಡು ಅಡಿಪಟ್ಟಿಯನ್ನು ಗೋಡೆಯ ಹತ್ತಿರ ಇಟ್ಟ. "ನೀವಿಬ್ರೂ ಒಪ್ಕೊಂಡ ದಿನ ಹೇಳಿ ಕಳ್ಸಿ. ನಾನು ಮುದುಕ ಆಗೋದ್ರೊಳ್ಗೆ ಆದ್ರೆ ಒಳ್ಳೇದು."

ಎಳೆಗಳ ನಡುವೆ ಮರಳು ಸುರಿದು, ದೊಡ್ಡ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಹುಲ್ಲನ್ನು ಎಬ್ಬಿಸಿ ನಿಲ್ಲಿಸಿದ ಮೇಲೆ ಕೆಲಸ ಮುಗಿಯಿತು. ಬಲೆ ಕಟ್ಟುವುದೊಂದು ಬಾಕಿ. ಮೊದಲ ಆಟ ಭಾನುವಾರ ಸಂಜೆ ಐದಕ್ಕೆ ಎಂದು ಲಿಬ್ರಾದಾ ಎಲ್ಲರಿಗೂ ಹೇಳಿ ಕಳಿಸಿದಳು. ಭಾನುವಾರಕ್ಕೆ ಹಿಂದಿನ ದಿನ ಶನಿವಾರ. ಆ ಶನಿವಾರ ಸಾನ್ ಹುವಾನ್.

ಈ ಎರಡು ಸಂಗತಿಗಳು ಲಿಬ್ರಾದಾಳ ತಲೆಯಲ್ಲಿ ಎರಡು ಬೇರೆ ಬೇರೆ ಡ್ರಾಯರಿನಲ್ಲಿದ್ದವು. ಒಂದು ಕೈಯಲ್ಲಿ ಹುಲ್ಲಿನ ಮೇಲಿನ ಎಲೆ ಆರಿಸುತ್ತಿದ್ದಳು, ಇನ್ನೊಂದು ಕೈಯಲ್ಲಿ ಚಿಂದಿ ಸುತ್ತಿ ಚೆಂಡು ಕಟ್ಟುತ್ತಿದ್ದಳು. ಕಟ್ಟಿದ ಚೆಂಡನ್ನು ಎಂದಿನಂತೆ ಡಬ್ಬಿಯಲ್ಲಿ ಸೀಮೆಎಣ್ಣೆ ಹಾಕಿ ನೆನೆಸಿ, ಅಂಕಣದ ಬಿಳಿಗೆರೆಯ ಪಕ್ಕದಲ್ಲೇ ಇಟ್ಟಳು. ವಿಲ್ಫ್ರಿದೊ ಅದೇ ಡಬ್ಬಿಯನ್ನು ದಾಟಿಕೊಂಡು ಹೋಗಿ ಬಣ್ಣದ ಕಾಗದದ ತೋರಣ ಕಟ್ಟಿದ. ಬೀದಿಯ ಹೆಂಗಸರು ಬಂದು ಹಬ್ಬಕ್ಕೆ ಯಾರು ಏನು ತರುವುದೆಂದು ಅಂಕಣದ ಮೇಲೆಯೇ ಕುಳಿತು ಮಾತಾಡಿ ಹೋದರು. ಹಬ್ಬ ಹಿತ್ತಲಲ್ಲಿ ನಡೆಯುತ್ತದೆ, ಹಿತ್ತಲು ಇಲ್ಲೇ ಇದೆ. ಅದರಲ್ಲಿ ಯೋಚಿಸುವುದೇನಿದೆ?

ಶನಿವಾರ ಮಧ್ಯಾಹ್ನ ಮೂರರ ಮೇಲೆ ದೆರ್ಲಿಸ್ ತನ್ನ ಬ್ರಷ್ಷು ತೆಗೆದುಕೊಂಡು ಹೋಗಲು ಬಂದ. ಸಿಳ್ಳೆ ಹಾಕುತ್ತ ಬಾಗಿಲು ದಾಟಿದವನು ಅರ್ಧಕ್ಕೇ ಸಿಳ್ಳೆ ನಿಲ್ಲಿಸಿದ. ಮೂಗೆಳೆದ.

"ನ್ಯಾ ಲಿಬ್ರಾದಾ, ಸೀಮೆಎಣ್ಣೆ ವಾಸ್ನೆ."

"ಹ್ಞೂಂ. ಚೆಂಡು ನೆನೀತಾ ಇದೆ."

"ಯಾವ ಚೆಂಡು?"

"ಅಯ್ಯೋ, ಯಾವ ಊರೋನಪ್ಪ ನೀನು? ಬೆಂಕಿ ಚೆಂಡು. ಸಂಜೆ ಒದೆಯೋಕೆ."

"ಎಲ್ಲಿ ಒದೀತೀರಿ?"

"ಇಲ್ಲೇ, ಹಿತ್ತ..."

ಲಿಬ್ರಾದಾ ಡಬ್ಬಿಯನ್ನು ನೋಡಿದಳು. ಹಸಿರು ಹುಲ್ಲನ್ನು ನೋಡಿದಳು. ಮತ್ತೆ ಡಬ್ಬಿಯನ್ನು ನೋಡಿದಳು. ಜೋಲಿಯಲ್ಲಿದ್ದ ವಿಲ್ಫ್ರಿದೊ ನಿಧಾನಕ್ಕೆ ಎದ್ದು ಕುಳಿತ.

"ಇದೇ! ನಾನು ಅವತ್ತು ಕೇಳ್ಬೇಕು ಅಂತಿದ್ದಿದ್ದು ಇದೇ ಕಣೇ!" ಎಂದ.

"ಈಗ ಹೊಳೀತಾ ನಿಂಗೆ, ಮುದುಕಪ್ಪ!"

ದೆರ್ಲಿಸ್ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡ. "ಇದು ಪ್ಲಾಸ್ಟಿಕ್ಕು. ಬೆಂಕಿ ಮುಟ್ಟಿದ್ರೆ ಬೆಣ್ಣೆ ಕರಗಿದ ಹಾಗೆ ಕರಗುತ್ತೆ. ಸಾವಿರ ಜನಕ್ಕೆ ಹುಲ್ಲು ಹಾಕಿದೀನಿ. ಹುಲ್ಲಿನ ಪಕ್ಕದಲ್ಲೇ ಬೆಂಕಿ ಚೆಂಡು ನೆನೆಹಾಕಿದೋರ್ನ ನೋಡಿರ್ಲಿಲ್ಲ."

ಲಿಬ್ರಾದಾಗೆ ನಗು ಬರಲಿಲ್ಲ. ಅವಳು ಗೋಡೆಗೆ ಒರಗಿ ಕುಳಿತಳು. ಇನ್ನು ಸ್ವಲ್ಪ ಹೊತ್ತಿಗೆ ಬೀದಿಯೆಲ್ಲ ಇಲ್ಲಿಗೆ ಬರುತ್ತದೆ. ಬೆಂಕಿ ಚೆಂಡು ಒಳಗೆ ಬಂದರೆ ನಾಳೆಯ ಐದು ಗಂಟೆ ಹೋಯಿತು. ಹಬ್ಬವನ್ನು ಬೇರೆ ಮನೆಗೆ ಕಳಿಸಿದರೆ ಅವಳಿಗೆ ಮೊದಲ ಚೆಂಡು ಕೊಟ್ಟ ಹಬ್ಬವನ್ನೇ ಹಿತ್ತಲಿನಿಂದ ಹೊರಗೆ ಹಾಕಿದಂತೆ. ವಿಲ್ಫ್ರಿದೊ ಅವಳ ಪಕ್ಕ ಬಂದು ಕುಳಿತ. ಅವನು ಅಜ್ಜಿಯ ಮರವನ್ನು ನೋಡುತ್ತಿದ್ದ.

ಆಮೇಲೆ ಅವನೇ ಹೇಳಿದ. "ಅಜ್ಜಿ ಹಬ್ಬ ಮಾಡ್ಬೇಕು ಅಂದ್ಲೇ ಹೊರ್ತು, ಗೋಡೆ ಒಳಗೇ ಮಾಡ್ಬೇಕು ಅಂದಿರ್ಲಿಲ್ಲ. ಊಟ, ಮಡಕೆ ಎಲ್ಲ ಒಳಗಿರ್ಲಿ. ಚೆಂಡು ಬೀದೀಲಿ ಒದೆಯೋಣ. ಅಡ್ಡಬೀದಿ ಮಣ್ಣಿಂದೇ. ಎರಡು ಕಡೆ ಬೆಂಚು ಅಡ್ಡ ಹಾಕಿದ್ರೆ ಆಯ್ತು."

"ಮರಕ್ಕೆ ಬಡಿಯೋದು?"

"ಈ ವರ್ಷ ಎಲ್ಲರ ಅದೃಷ್ಟಾನೂ ಅಂದಾಜಿನ ಮೇಲೆ."

ಹಾಗೇ ಆಯಿತು. ಬೀದಿಯವರು ಮೊದಲು ಗೊಣಗಿದರು. ರೊಟ್ಟಿಯ ವಾಸನೆ ಬಂದ ಮೇಲೆ ಗೊಣಗುವುದನ್ನು ಮರೆತರು. ಬಾಸಿಲಿಯಾ ಹಂದಿಮಾಂಸದ ಪಟ್ಟಿಗಳನ್ನು ಜಡೆಯಂತೆ ಹೆಣೆದು ಸುಟ್ಟು ತಂದಳು. ಮಕ್ಕಳು ಹುಲ್ಲಿನ ಮೇಲೆ ಪಲ್ಟಿ ಹೊಡೆದರು. ಬಾಗಿಲಲ್ಲಿ ದೆರ್ಲಿಸ್ ಕಾವಲುಗಾರನಂತೆ ನಿಂತು ಸಿಗರೇಟು ಹಿಡಿದು ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದ. ಅವನಿಗೆ ಊಟಕ್ಕೆ ಇರು ಎಂದಿದ್ದರು, ಅವನು ಹುಲ್ಲು ಕಾಯಲು ಇದ್ದ. ಉಳಿದ ಮರಳಿನ ಚೀಲವನ್ನು ಕಾಲಬಳಿ ತಂದಿಟ್ಟುಕೊಂಡಿದ್ದ.

ಹೊತ್ತು ಮುಳುಗುತ್ತಿದ್ದಂತೆ ವಿಲ್ಫ್ರಿದೊ ಬೀದಿಯ ನಡುವೆ ಚೆಂಡಿಗೆ ಬೆಂಕಿ ಕೊಟ್ಟ. ಅದು ಭಗ್ಗನೆ ಹೊತ್ತಿತು. ಜನ ಹೋ ಎಂದು ಎರಡು ಹೋಳಾಗಿ ಚದುರಿದರು. ಚೆಂಡು ಈ ಕಡೆಯಿಂದ ಆ ಕಡೆಗೆ, ಕಿಡಿಯ ಬಾಲ ಎಳೆದುಕೊಂಡು ಹಾರಿತು. ಲಿಬ್ರಾದಾ ಬಾಗಿಲಿನ ಹತ್ತಿರ, ಹಿತ್ತಲಿಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು ನಿಂತಿದ್ದಳು. ಆಡುವುದಿಲ್ಲ ಎಂದು ತೀರ್ಮಾನಿಸಿದ್ದಳು. ಚೆಂಡು ಎದುರು ಮನೆಯ ಗೋಡೆಗೆ ಬಡಿದು, ಜನರ ಕಾಲುಗಳ ನಡುವೆ ನುಸುಳಿ, ಉರಿಯುತ್ತ ಉರುಳುತ್ತ ನೇರವಾಗಿ ಅವಳ ಕಡೆಗೆ ಬಂತು.

"ಲಿಬ್ರಾದಾ, ಒದೀ!" ಎಂದು ಬಾಸಿಲಿಯಾ ಕೂಗಿದಳು.

ಅವಳ ತಲೆ ಬೇಡ ಎಂದಿತು. ಕಾಲಿಗೆ ಅದು ಕೇಳಿಸಲಿಲ್ಲ. ಲಂಗ ಎತ್ತಿ, ಅರ್ಧ ತಿರುಗಿ, ಮೂವತ್ತಾರು ವರ್ಷದಿಂದ ಯಾವ ಕಡೆಗೆ ಒದೆಯುತ್ತಿದ್ದಳೋ ಅದೇ ಕಡೆಗೆ ಒದ್ದಳು. ಅಂಥ ಒದೆತ ಅವಳ ಕಾಲಿಂದ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಚೆಂಡು ಗೋಡೆ ದಾಟಿ, ತೋರಣದ ಅಡಿಯಲ್ಲಿ ನುಗ್ಗಿ, ಇಡೀ ಅಂಕಣದ ಉದ್ದಕ್ಕೂ ಹಾರಿ, ಗೋಲಿನ ಪಕ್ಕದ ಮಾವಿನ ಮರದ ಬುಡಕ್ಕೆ ಧಡ್ ಎಂದು ಬಡಿಯಿತು. ಕಿಡಿ ಚೆಲ್ಲಿತು. ಬೀದಿಗೆ ಬೀದಿಯೇ "ಹೋ!" ಎಂದು ಚಪ್ಪಾಳೆ ತಟ್ಟಿತು. ಆಮೇಲೆ ಚೆಂಡು ಮರದಿಂದ ಪುಟಿದು, ಹುಲ್ಲಿನ ಮೇಲೆ ಉರುಳಿ, ಗೋಲಿನ ಎದುರಿಗೆ ಆರಾಮವಾಗಿ ಕುಳಿತು ಉರಿಯತೊಡಗಿತು. ಚಪ್ಪಾಳೆ ನಿಂತಿತು.

"ನೀರು! ನೀರು!" ಎಂದು ವಿಲ್ಫ್ರಿದೊ ಕೈಯಲ್ಲಿದ್ದ ತೆರೆರೆಯ ಜಗ್ಗನ್ನೇ ಹಿಡಿದು ಓಡಿದ.

"ನೀರು ಬೇಡ, ಎಣ್ಣೆ ಹರಡುತ್ತೆ!" ದೆರ್ಲಿಸ್ ಮರಳಿನ ಚೀಲ ಹೊತ್ತುಕೊಂಡು ಅವನನ್ನು ದಾಟಿ ಓಡಿ, ಇಡೀ ಚೀಲವನ್ನು ಚೆಂಡಿನ ಮೇಲೆ ಮಗುಚಿದ. ಬುಸ್ ಎಂದು ಹೊಗೆ ಎದ್ದಿತು. ವಿಲ್ಫ್ರಿದೊ ಓಡಿದ್ದಕ್ಕೆ ಏನಾದರೂ ಆಗಲಿ ಎಂದು ಜಗ್ಗಿನ ನೀರನ್ನು ದೆರ್ಲಿಸನ ಕಾಲಿಗೆ ಹುಯ್ದ.

ಮರಳು ಸರಿಸಿ ಚೆಂಡನ್ನು ಸಲಿಕೆಯಲ್ಲಿ ಎತ್ತಿದಾಗ ಅಡಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಕಪ್ಪು ಗುಂಡಿ. ಎಳೆಯೆಲ್ಲ ಕರಗಿ ಗಟ್ಟಿಯಾಗಿತ್ತು. "ಒಳಗೆ ಮರಳು ತುಂಬಿದ್ದಕ್ಕೆ ಇಷ್ಟಕ್ಕೇ ನಿಂತಿದೆ," ಎಂದ ದೆರ್ಲಿಸ್. ಹುಲ್ಲು ಹಾಸಿಸಿದವಳು ಲಿಬ್ರಾದಾ, ಚೆಂಡು ಕಟ್ಟಿದವಳು ಅವಳು, ಒದ್ದವಳೂ ಅವಳೇ. ಬೈಯುವುದಾದರೆ ಬೇರೆ ಯಾರನ್ನು ಬೈಯುವುದು? ಆ ಹುಲ್ಲಿನ ಮೇಲೆ ಇನ್ನೂ ಒಂದೇ ಒಂದು ಆಟವನ್ನೂ ಆಡಿರಲಿಲ್ಲ.

ಬಾಸಿಲಿಯಾ ಗುಂಡಿಯ ಹತ್ತಿರ ಬಗ್ಗಿ ನೋಡಿದಳು. ಎದ್ದು ಗೋಲಿನ ಕಡೆಗೆ ನೋಡಿದಳು. ಅಲ್ಲಿಂದ ಹೆಜ್ಜೆ ಹಾಕುತ್ತ ಗೋಲಿಗೆ ಹೋದಳು, ಹೆಜ್ಜೆ ಹಾಕುತ್ತ ವಾಪಸು ಬಂದಳು. ಹಂದಿಮಾಂಸದ ಎಣ್ಣೆ ಅಂಟಿದ ಕೈಯನ್ನು ಸೊಂಟದ ಮೇಲಿಟ್ಟಳು.

"ನೀನು ಕೇಳಿದ್ದಷ್ಟು ಹತ್ರ ಇಲ್ಲ. ನಾನು ಕೇಳಿದ್ದಷ್ಟು ದೂರಾನೂ ಇಲ್ಲ," ಎಂದಳು.

"ಏನಂತೀಯ?"

"ಪೆನಾಲ್ಟಿ ಬಿಂದು ಇಲ್ಲೇ ಇರ್ಲಿ ಅಂತೀನಿ. ನಿನ್ನ ಹತ್ರ ಜಗಳ ಆಡ್ಬಹುದು. ಸಾನ್ ಹುವಾನ್ ಹತ್ರ ಹೇಗೆ ಆಡೋದು?"

ಮೊದಲು ನಕ್ಕವನು ದೆರ್ಲಿಸ್. "ಆದ್ರೆ ಇದು ನಡೂಗೆ ಇಲ್ಲ ನ್ಯಾ ಬಾಸಿಲಿಯಾ, ಮರದ ಕಡೆಗೆ ಸರಿದಿದೆ. ಸೊಟ್ಟ."

"ನನ್ನ ಮೂಗೂ ಸೊಟ್ಟ. ಹುಟ್ಟಿದಾಗ್ನಿಂದ ಅದ್ರಲ್ಲೇ ಉಸಿರಾಡ್ತಾ ಇದೀನಿ."

ಲಿಬ್ರಾದಾ ನಗಲು ಹೋದಳು, ನಗುವಿನ ಜೊತೆ ಕಣ್ಣೀರೂ ಬಂತು. ಲಂಗದ ಅಂಚಿನಲ್ಲಿ ಮುಖ ಒರೆಸಿಕೊಂಡಾಗ ಸುಟ್ಟ ವಾಸನೆ ಬಂತು. ಆ ಅಂಚೂ ಒಂದಿಷ್ಟು ಹೋಗಿತ್ತು.

ಮಾರನೆಯ ಬೆಳಿಗ್ಗೆ ಚರ್ಚಿಗೆ ಹೋಗಿ ಬಂದವಳೇ ಅಂಕಣಕ್ಕೆ ಇಳಿದಳು. ದೆರ್ಲಿಸ್ ತಾನೇ ಬಂದು ಮಾಡಿಕೊಡುತ್ತೇನೆ ಎಂದಿದ್ದ, ಅವಳು ಒಪ್ಪಿರಲಿಲ್ಲ. ತಟ್ಟೆ ಬೋರಲಿಟ್ಟು ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕರಗಿದ್ದನ್ನು ಕೊಯ್ದು ತೆಗೆದಳು. ಅದೇ ತಟ್ಟೆಯ ಅಳತೆಗೆ ಬಿಳಿಹುಲ್ಲನ್ನು ಬಟ್ಟೆಯ ಕತ್ತರಿಯಲ್ಲೇ ಕತ್ತರಿಸಿದಳು. ಅಡಿಪಟ್ಟಿ ಹಾಸಿ, ಅಂಟು ಬಳಿದು, ಬಿಳಿ ತುಂಡನ್ನು ಕೂರಿಸಿ, ಮೇಲೆ ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆಯನ್ನು ಭಾರಕ್ಕೆ ಇಟ್ಟಳು. ಅಂಚಿನ ಮೇಲೆ ಅಂಚು ಹತ್ತಿಸಲಿಲ್ಲ. ಆದರೆ ಅವಸರದಲ್ಲಿ ಎಳೆ ವಾಲುವ ದಿಕ್ಕು ನೋಡುವುದನ್ನೇ ಮರೆತಳು. ಸುತ್ತಲ ಹಸಿರು ಮನೆಯ ಕಡೆಗೆ ವಾಲಿದ್ದರೆ ನಡುವಿನ ಬಿಳಿ ಬೀದಿಯ ಕಡೆಗೆ ವಾಲಿತ್ತು. ಆಮೇಲೆ ಬಲೆ ಕಟ್ಟಲು ಬಂದ ದೆರ್ಲಿಸ್ ಅದನ್ನು ನೋಡಿ ಬಾಯಿ ತೆರೆದ. ಅವಳ ಮುಖ ನೋಡಿ ಸಿಳ್ಳೆ ಹಾಕುತ್ತ ಬಲೆಯ ಗಂಟು ಬಿಚ್ಚತೊಡಗಿದ.

ಭಾನುವಾರ ಸಂಜೆ ಐದಕ್ಕೆ ಹತ್ತೂ ಜನ ಬಂದರು, ಬೂಟು ಹಾಕಿಕೊಂಡೇ, ಜೋರಾಗಿ ಮಾತಾಡುತ್ತ. ಮಾವಿನ ಮರದ ನೆರಳು ಅಂಕಣದ ಅರ್ಧಕ್ಕೆ ಚಾಚಿತ್ತು. ಹುಲ್ಲು ತಣ್ಣಗಿತ್ತು. ವಿಲ್ಫ್ರಿದೊ ಜೋಲಿಯಲ್ಲಿ ಮಲಗಿಯೇ ತೀರ್ಪುಗಾರನಾದ. ಸೀಟಿ ಊದಬೇಕಾದಾಗ ಒಂದು ಕಾಲು ಮಾತ್ರ ಹೊರಗೆ ಹಾಕುತ್ತಿದ್ದ. ಯಾರೋ ಕೈಯಲ್ಲಿ ಚೆಂಡು ಮುಟ್ಟಿದ್ದಕ್ಕೆ, ಮುಟ್ಟಲಿಲ್ಲವೆಂದು ಐದು ಜನ ಕೂಗಾಡಿದರೂ ಬಿಡದೆ, ಅವನು ಪೆನಾಲ್ಟಿ ಕೊಟ್ಟ.

ಲಿಬ್ರಾದಾ ಬಿಳಿ ತಟ್ಟೆಯ ಮೇಲೆ ಚೆಂಡಿಟ್ಟಳು. ಬಾಸಿಲಿಯಾ ಗೋಲಿನ ನಡುವೆ ನಿಲ್ಲದೆ ಮರದ ಕಡೆಗೆ ಒಂದು ಹೆಜ್ಜೆ ಸರಿದು ನಿಂತಳು. ಬಿಂದು ಸೊಟ್ಟವಾದರೆ ಗೋಲ್‌ಕೀಪರೂ ಸೊಟ್ಟ ನಿಲ್ಲಬೇಕು ಎಂಬ ಲೆಕ್ಕವನ್ನು ಅವಳು ಬೆಳಿಗ್ಗೆಯೇ ಮಾಡಿಟ್ಟುಕೊಂಡಿದ್ದಳು. ಲಿಬ್ರಾದಾ ಓಡಿ ಬಂದು ಒದ್ದಳು. ಚೆಂಡು ನೇರ ಬಾಸಿಲಿಯಾಳ ಹೊಟ್ಟೆಗೆ ಹೋಯಿತು. ಅವಳು ಅದನ್ನು ತಬ್ಬಿಕೊಂಡು ಕುಳಿತು ಹೊಟ್ಟೆ ಹಿಡಿದು ನಕ್ಕಳು.

"ಚೆಂಡಿಗೆ ಬೆಂಕಿ ಹಚ್ಚಿದ್ರೇನೇ ಕಣೇ ನಿನಗೆ ಗುರಿ ಸಿಗೋದು!"

ಲಿಬ್ರಾದಾ ಅಭ್ಯಾಸಬಲದಿಂದ ಬಾಗಿಲಿನ ಕಡೆಗೆ ನೋಡಿದಳು. ಸೀಟಿ ಊದಿ ಹೊರಗೆ ಹಾಕಲು ಯಾರೂ ಎದ್ದು ಬರುತ್ತಿರಲಿಲ್ಲ. ಸೀಟಿ ಜೋಲಿಯಲ್ಲಿ, ಗೊರಕೆ ಹೊಡೆಯಲು ಶುರುಮಾಡಿದ್ದ ಗಂಡನ ಎದೆಯ ಮೇಲಿತ್ತು.

ಬಾಸಿಲಿಯಾ ಚೆಂಡನ್ನು ವಾಪಸು ಉರುಳಿಸಿದಳು. "ಇನ್ನೊಂದ್ಸಲ ಹೊಡಿ. ಇನ್ನೂ ಬೇಕಾದಷ್ಟು ಹೊತ್ತು ಇದೆ," ಎಂದಳು.